ಮಂಡಗದ್ದೆ ಕಡೆಯ ದಾರಿ

ನೆಹರೂ ರಸ್ತೆ, ಪಾತ್ರೆ ಅಂಗಡಿಯ ಮೇಲಣ ಮಹಡಿ.
ರಾತ್ರಿ ಪಾಳಿ. ಕಪಾಟಿನೊಳಗೆ ರೂಟರು
ಹಸಿರು ಕಣ್ಣು ಮಿಟುಕಿಸುತ್ತ
ಶಿವಮೊಗ್ಗದ ನಿದ್ದೆಗೆಟ್ಟವರನ್ನೆಲ್ಲ ದಾಟಿಸುತ್ತದೆ.

ಹೊಸ ಹುಡುಗ ಪ್ರಮಥ ಕೇಳಿದ ಮೊನ್ನೆ:
ಯಂತ್ರಕ್ಕೆ ನೆನಪು ಯಾಕೆ?
ಪ್ರತಿ ಸಲ ಪಟ್ಟಿ ನೋಡಿಯೇ ಕಳಿಸಬಾರದೆ?
ನೋಡಬಹುದು, ಅಂದೆ.
ಪಟ್ಟಿಯಲ್ಲಿ ಲಕ್ಷಗಟ್ಟಲೆ ದಾರಿ,
ಬಾಗಿಲಲ್ಲಿ ಗಳಿಗೆಗೆ ಲಕ್ಷಗಟ್ಟಲೆ ಪೊಟ್ಟಣ.
ಗಾಂಧಿ ಬಜಾರಿನಲ್ಲಿ ನನ್ನ ಜೊತೆ ಬಾ,
ನಾನು ಮೆಟ್ಟಿಲು ಹತ್ತುವಷ್ಟರಲ್ಲಿ
ಶೆಟ್ಟರ ಕೈ ತೊಗರಿಬೇಳೆಯ ಡಬ್ಬದಲ್ಲಿರುತ್ತದೆ.
ಮೊದಲ ಸಲ ಕೇಳಿದ್ದರು: ಎಷ್ಟು, ಯಾವುದು, ಪಾಲಿಶ್ ಆದದ್ದೊ ಅಲ್ಲದ್ದೊ.
ಆಮೇಲೆ ಕೇಳಲಿಲ್ಲ.
ಹಿಂದೆ ನಿಂತವರ ಸಾಲು ಸರಿಯುವುದು ಹಾಗೆ.
ಕೇಳದೆ ಇರುವುದೂ ಒಂದು ಉಪಕಾರ.

ಇದಕ್ಕೆ ಕ್ಯಾಶ್ ಅನ್ನುತ್ತಾರೆ ಎಂದರೆ ನಕ್ಕ.
ಗಲ್ಲಾಪೆಟ್ಟಿಗೆಯದಲ್ಲ ಮಾರಾಯ,
ಆದರೂ ಚಿಲ್ಲರೆ ಕೈಗೆ ಸಿಗುವಂತಿರಬೇಕು
ಅನ್ನುವ ಮಾತು ಎರಡಕ್ಕೂ ಸಲ್ಲುತ್ತದೆ.

ನಿನ್ನೆ ಒಂದೂ ಹತ್ತಕ್ಕೆ
ತೀರ್ಥಹಳ್ಳಿಯ ಆಸ್ಪತ್ರೆಯಿಂದ ಫೋನು.
ಮರದಿಂದ ಬಿದ್ದ ಹುಡುಗ, ತಲೆಯ ಸ್ಕ್ಯಾನು,
ಇಲ್ಲಿನ ಡಾಕ್ಟರ ಪರದೆಗೆ ಬರುತ್ತಿಲ್ಲ.
ನನ್ನ ಪರದೆಯಲ್ಲಿ ಎಲ್ಲ ಸರಿ. ದೀಪ ಹಸಿರು.

ಎಲ್ಲೋ ಕೇಬಲ್ ತುಂಡಾಗಿತ್ತು.
ತೀರ್ಥಹಳ್ಳಿಯ ಪೆಟ್ಟಿಗೆ ಆಗಲೇ ತಿಳಿದುಕೊಂಡು
ಹೊಸನಗರ, ಸಾಗರ ಸುತ್ತಿ ಬರತೊಡಗಿತ್ತು.
ನನ್ನ ಪೆಟ್ಟಿಗೆಗೆ ಮಾತ್ರ ಹಳೆಯ ನಂಬಿಕೆ:
ತೀರ್ಥಹಳ್ಳಿಯೆಂದರೆ ಗಾಜನೂರು, ಮಂಡಗದ್ದೆ, ಬೇರೆ ಯೋಚನೆಯಿಲ್ಲ.
ಹೋಗಬೇಕಾದ ಉತ್ತರವೆಲ್ಲ ಶ್ರದ್ಧೆಯಿಂದ ಹೊರಟು
ಕಡಿದ ಗಾಜಿನೆಳೆಯ ತುದಿಯಿಂದ
ಸದ್ದಿಲ್ಲದೆ ಜಾರಿ ಬೀಳುತ್ತಿತ್ತು.
ಸುಳ್ಳು ಹೇಳುವವನನ್ನು ಹಿಡಿಯಬಹುದು.
ನಿನ್ನೆಯವರೆಗೆ ನಿಜ ಹೇಳಿದವನದೇ ಕಷ್ಟ.

ಅಳಿಸಿದೆ. ಒಂದು ಸಾಲಿನ ಆಜ್ಞೆ.
ನೆನಪೆಲ್ಲ ಹೋದ ಯಂತ್ರ ತಡವರಿಸಿತು,
ದಿನಾ ಬರುವವರನ್ನೂ ಯಾರು, ಎಲ್ಲಿಗೆ ಎಂದಿತು,
ಇಡೀ ಜಿಲ್ಲೆ ಅರೆ ನಿಮಿಷ ಕುಂಟಿತು.
ಆಮೇಲೆ ಸಾಗರದ ಕಡೆಯಿಂದ ಆ ಹುಡುಗನ ತಲೆ
ಪದರ ಪದರವಾಗಿ, ಬೂದಿಬಣ್ಣದಲ್ಲಿ,
ನನ್ನ ಕೋಣೆಯನ್ನು ದಾಟಿ ಹೋಯಿತು.

ಇನ್ನು ಕೇಬಲ್ಲು. ಬೆರಳು ತಾನಾಗಿ
ಹತ್ತು ಅಂಕಿ ಒತ್ತಿತು: ಲೈನ್‌ಮನ್ ದುಗ್ಗಪ್ಪ.
ಎತ್ತಿದ್ದು ಹೆಣ್ಣು ದನಿ.
"ಶಾಹಿದಾ ಮೇಡಂ, ಅಪ್ಪ ಹೋಗಿ ನಾಲ್ಕು ತಿಂಗಳಾಯ್ತು.
ಹೋದ ಸಲಾನೂ ಹೇಳಿದ್ದೆ."
ಹೌದು, ಹೇಳಿದ್ದಳು. ಅಯ್ಯೋ ಅಂದಿದ್ದೆ ಕೂಡ.
ಕಿವಿ ಕೇಳಿಸಿಕೊಂಡಿತ್ತು,
ಬೆರಳಿಗೆ ಯಾರೂ ಹೇಳಿರಲಿಲ್ಲ.

ನಾನು ಮಾತು ಹುಡುಕುತ್ತಿದ್ದಾಗ ಆ ಕಡೆ
ಚಿಲಕ, ಚಪ್ಪಲಿ, ಕೆಮ್ಮಿ ಶುರುವಾದ ಸ್ಕೂಟಿ.
"ಸಂಜೆ ಜೆಸಿಬಿ ಮೋರಿ ಅಗೀತಿತ್ತು, ಅಲ್ಲೇ ಇರ್ಬೇಕು.
ಅಪ್ಪನ ಜೊತೆ ಟಾರ್ಚು ಹಿಡಿದವಳು ನಾನೇ ಅಲ್ವಾ."
ಇಪ್ಪತ್ತು ನಿಮಿಷಕ್ಕೆ ಫೋಟೋ:
ಕೆಮ್ಮಣ್ಣಿನಲ್ಲಿ ಬಾಯಿಬಿಟ್ಟ ಕರಿ ಕೇಬಲ್ಲು,
ಪಕ್ಕದಲ್ಲಿ ಅಳತೆಗೆ ಅವಳದೊಂದು ಚಪ್ಪಲಿ.

ಗೋಡೆಯ ಪಟ್ಟಿಯಲ್ಲಿ ದುಗ್ಗಪ್ಪನ ಮುಂದೆ
ಸುಗಂಧಿ ಎಂದು ಬರೆದೆ, ಪೆನ್ಸಿಲಿನಲ್ಲಿ, ತಾರೀಕು ಹಾಕಿ.
ತಾರೀಕಿಲ್ಲದ ನೆನಪನ್ನು ನಂಬಬೇಡ
ಎಂದು ಪ್ರಮಥನಿಗೆ ಪಾಠ ಹೇಳುವವಳು ನಾನು.

ಬೆಳಗಿನ ಜಾವ ಅವಳೇ ಫೋನು ಮಾಡಿದಳು:
"ಮೇಡಂ, ನಂಗೆ ಎಷ್ಟು ಕೊಡ್ತೀರಿ?"
ಯೋಚಿಸದೆ ಅಂದೆ,
ಅಪ್ಪನಿಗೆ ಮುನ್ನೂರು ಕೊಡ್ತಿದ್ವಲ್ಲ, ಅಷ್ಟೇ.
ಸುಮ್ಮನಾದಳು. ಹಿಂದೆ ನಡುಗಡ್ಡೆಯ ಹಕ್ಕಿಗಳ ಗಲಾಟೆ.
"ಅದು ಹಳೇ ರೇಟು, ಮೇಡಂ.
ಇನ್ನೊಂದ್ಸಲ ವಿಚಾರಿಸಿ ಹೇಳಿ."