ಹೊಟ್ಟೆನೋವು ತಾಳಲಾರದೆ

ಬಾಗಲಕೋಟೆ ನವನಗರದ ನಮ್ಮ ಕಚೇರಿಗೆ
ಹೆಸರುಗಳು ಬರುತ್ತವೆ,
ಹೊರಡುವಾಗ ಅಂಕಿಯಾಗಿರುತ್ತವೆ.
ತಿಂಗಳ ಐದನೇ ತಾರೀಖು, ಸಂಜೆ ಐದರೊಳಗೆ
ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ.
ಕಳಿಸುವವಳು ನಾನು, ನೀಲಾಂಬಿಕಾ ಕಟಗೇರಿ,
ಪ್ರಥಮ ದರ್ಜೆ ಸಹಾಯಕಿ.

ಹಳೇ ಊರಿಗೆ ನೀರು ಬಂದಾಗ
ನಮ್ಮ ಮನೆಗೂ ಒಂದು ನಂಬರ್ ಬಿದ್ದಿತ್ತು,
ಗೋಡೆಯ ಮೇಲೆ, ಕೆಂಪು ಬಣ್ಣದಲ್ಲಿ.
ಅಳೆಯಲು ಬಂದವರು ಪಡಸಾಲೆ ಬರೆದರು, ಬೇವಿನ ಗಿಡ ಬರೆದರು,
ಅವ್ವ ದಿನಾ ಕೂರುತ್ತಿದ್ದ ಕಟ್ಟೆಯನ್ನು ಬಿಟ್ಟರು.
ಅದಕ್ಕೆ ಕಲಂ ಇರಲಿಲ್ಲವಂತೆ.
ಆಗಿನಿಂದ ಕಲಂಗಳ ಮೇಲೆ ನನ್ನದೊಂದು ಕಣ್ಣು.

ಠಾಣೆಗಳಿಂದ ಬರುವ ಕಾಗದಗಳಲ್ಲಿ
ಒಂದೇ ಸಾಲು ವರ್ಷಗಟ್ಟಲೆ ನಡೆದು ಬರುತ್ತದೆ:
ಹೊಟ್ಟೆನೋವು ತಾಳಲಾರದೆ.
ಬಾದಾಮಿಯಲ್ಲೂ ಹೊಟ್ಟೆನೋವು, ಬೀಳಗಿಯಲ್ಲೂ ಹೊಟ್ಟೆನೋವು,
ಹದಿನೇಳರ ಹುಡುಗನಿಗೂ, ಎಪ್ಪತ್ತರ ಮಾಸ್ತರರಿಗೂ.
ಇಷ್ಟು ಹೊಟ್ಟೆಗಳು ನೋಯುವ ಜಿಲ್ಲೆಗೆ
ಯಾರಾದರೂ ಒಮ್ಮೆ ಔಷಧವನ್ನಾದರೂ ಕಳಿಸಬೇಕಿತ್ತು.

ಹೆಡ್ ಕಾನ್‌ಸ್ಟೆಬಲ್ ಗುರಪಾದ ಅನ್ನುತ್ತಾರೆ:
"ಏನ್ ಮಾಡೂದ್ರಿ ಮೇಡಂ, ಮನಿ ಮಂದಿ ಕೈಮುಗೀತಾರ.
ತಂಗಿ ಲಗ್ನಾ ಐತಿ ಅಂತಾರ.
ಹೊಟ್ಟಿನೋವಿಗೆ ಯಾರೂ ಏನೂ ಅನ್ನಂಗಿಲ್ಲ."
ಸುಳ್ಳು ಬರೆದದ್ದಲ್ಲ ಅವರು, ಹೊದಿಸಿದ್ದು.
ಆದರೆ ಹೊದಿಕೆಯ ಕೆಳಗಿನದು ಎಣಿಕೆಗೆ ಸಿಗುವುದಿಲ್ಲ.

ಕಾರಣದ ಪುಟದಲ್ಲಿ ಬಹಳ ಖಾನೆಗಳು.
ಕೊನೆಯ ಎರಡು, 'ಇತರೆ' ಮತ್ತು 'ಗೊತ್ತಿಲ್ಲ'.
'ಗೊತ್ತಿಲ್ಲ'ದ ಮೇಲೆ ನನಗೆ ಗೌರವ.
ತಲೆ ತಗ್ಗಿಸಿ ಕೂತಿರುವ ಖಾನೆ ಅದೊಂದೇ.

ಈ ತಿಂಗಳ ಹಾಳೆಯಲ್ಲಿ ಗುಳೇದಗುಡ್ಡದ ಒಬ್ಬಾಕೆ. ನಲವತ್ತೊಂದು.
ವೃತ್ತಿ: ಮನೆಗೆಲಸ.
ಫೋನ್ ಹಚ್ಚಿದೆ. ಗುರಪಾದ ತಡವರಿಸಿದರು:
ಮನೆಯಲ್ಲಿ ಮಗ್ಗವಿದೆ,
ಇಪ್ಪತ್ತೆರಡು ವರ್ಷ ಖಣ ನೇಯ್ದಿದ್ದಾಳೆ,
ಮಗ್ಗ ಮಾತ್ರ ಗಂಡನ ಹೆಸರಿನಲ್ಲಿದೆ.
ತಿದ್ದುವ ಅಧಿಕಾರ ನನಗಿಲ್ಲ.
ಹಿಂದಕ್ಕೆ ಕಳಿಸುವ ಅಧಿಕಾರವಿದೆ. ಕಳಿಸಿದೆ.
"ಏನ್ ಫರಕ್ ಬೀಳ್ತತಿ?" ಸಾಹೇಬರು ಕೇಳಿದರು.
ನಾನು ತೊಟ್ಟ ಕುಪ್ಪಸ ಅವಳ ಊರಿನದು
ಎಂದು ಹೇಳಲಿಲ್ಲ.

ಸಂಜೆ ಪತ್ರಿಕೆಯ ದಾವಲಸಾಬ ನದಾಫ ಬಂದರು.
"ಎಲ್ಲಿ, ಹೆಂಗ? ಚೀಟಿ ಏನರ ಸಿಕ್ಕತೇನ್ರಿ? ಫೋಟೊ?"
ತಲೆಬರಹ ಆಗಲೇ ಮೊಬೈಲಿನಲ್ಲಿತ್ತು:
ಜೀವನದಲ್ಲಿ ಜಿಗುಪ್ಸೆಗೊಂಡ ಮಹಿಳೆ
"ಜಿಗುಪ್ಸೆ ಅಂತ ಆಕಿ ನಿಮ್ಮ ಮುಂದ ಹೇಳಿದ್ಳೇನ್ರಿ?"
ಚಹಾ ಬಂತು, ಕೆನೆಗಟ್ಟಿತು.
"ಮತ್ತೇನ್ ಬರೀಲಿ, ನೀವ ಹೇಳ್ರಿ."
ಹೆಂಗ ಅನ್ನುವುದನ್ನು ಬಿಟ್ಟೆವು.
ಎಲ್ಲಿ ಅನ್ನುವುದನ್ನು ಬಿಟ್ಟೆವು.
ಕಾರಣ ಒಂದೇ ಇರಬೇಕೆಂಬ ಹಟವನ್ನು,
ಬಹಳ ವಾದ ಮಾಡಿ, ಬಿಟ್ಟೆವು.
ಒಳಪುಟ. ನಾಲ್ಕು ಸಾಲು. ಕೆಳಗೆ ಸಹಾಯವಾಣಿ, ೧೪೪೧೬.
ಮೆಟ್ಟಿಲಿಳಿಯುತ್ತ ಕೇಳಿದರು ದಾವಲಸಾಬ:
"ಈ ನಂಬರ್ ಯಾರರ ಎತ್ತತಾರೇನ್ರಿ ಖರೇನ?"

ತಾಳೆ ನೋಡದೆ ಅಂಕಿ ಕಳಿಸುವವಳಲ್ಲ ನಾನು.
ಕಚೇರಿ ಖಾಲಿಯಾದ ಮೇಲೆ ಐದು ಅಂಕಿ ಒತ್ತಿದೆ.
"ಹೇಳ್ರಿ, ಕೇಳಾಕತ್ತೀನಿ,"
ನಮ್ಮ ಕಡೆಯದೇ ದನಿ.
ಸರಿ ಐತಿ ಎಂದು ಇಟ್ಟುಬಿಡಬೇಕಿತ್ತು.

"ನಮ್ಮ ತಮ್ಮ," ಅಂದೆ. "ಹನ್ನೆರಡು ವರ್ಷಾತು.
ಪಂಚನಾಮೆಕ್ಕ ನಾನ ಸಹಿ ಮಾಡೀನಿ.
ಹೊಟ್ಟಿನೋವು ಅಂತ ನಾನ ಬರಸೀನಿ.
ಅವಗ ಹೊಟ್ಟಿ ಎಂದೂ ನೋಯ್ತಿದ್ದಿಲ್ಲರಿ,
ಕಲ್ಲು ತಿಂದ್ರೂ ಕರಗಸ್ತಿದ್ದ."

ಅತ್ತ ಕಡೆ ಅವಸರವಿರಲಿಲ್ಲ.
"ಹೆಸರೇನಿತ್ರಿ ಅವರದು?"

ಹೇಳಿದೆ.
ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ,
ಒತ್ತು ದೀರ್ಘ ತಪ್ಪದಂತೆ,
ಇನ್ನೊಮ್ಮೆ ಹೇಳಿದೆ.