ಅರ್ಧ ಮಿಲಿಮೀಟರ್

ಹನ್ನೊಂದು ವಾರ ಮೋಟಾರಿನ ಬೆನ್ನಿಗೆ ಸೆನ್ಸರು ಅಂಟಿಸಿ
ಕಾಯುತ್ತ ಕೂತೆ, ಮೈಸೂರಿನ ಕಾಲೇಜಿನ
ತಗಡು ಸೂರಿನ ಲ್ಯಾಬಿನಲ್ಲಿ.
ಸೆಕೆಂಡಿಗೆ ಹನ್ನೆರಡು ಸಾವಿರ ಸಲ
ಹೇಗಿದ್ದೀಯ ಎಂದು ಕೇಳುವ ಸೆನ್ಸರು.
ಹನ್ನೆರಡು ಸಾವಿರ ಸಲವೂ
ಚೆನ್ನಾಗಿದ್ದೀನಿ ಎನ್ನುವ ಮೋಟಾರು,
ಮದುವೆಮನೆಯಲ್ಲಿ ಎದುರಾದ ನೆಂಟರ ಹಾಗೆ.

ಅಜ್ರಾ ಮೇಡಂ ಗ್ರಾಫು ನೋಡಿ ಕನ್ನಡಕ ತೆಗೆದರು.
"ಕಾಯಿಲೆಯನ್ನೇ ಕಾಣದ ಮಾಡೆಲ್ಲು
ಕಾಯಿಲೆ ಹೇಗೆ ಹಿಡಿಯುತ್ತಮ್ಮ?
ಒಂದು ಬೇರಿಂಗು ಕೆಡಿಸಿ."

ಕೆಡಿಸುವುದಕ್ಕೂ ಕ್ರಮ ಇದೆ:
ಒಳಬಳೆಯ ಮೇಲೆ, ರೋಲರು ಓಡುವ ದಾರಿಯಲ್ಲಿ,
ಅರ್ಧ ಮಿಲಿಮೀಟರ್ ಅಗಲದ ಗಾಯ, ಒಂದೇ ಒಂದು.
ಹೆಚ್ಚಾದರೆ
ಕೆಡಿಸಿದ್ದೇ ಕೆಟ್ಟುಹೋಗುತ್ತದೆ.

ಸಂತೆಪೇಟೆಯಿಂದ ತಂದ ಹೊಸ ಬೇರಿಂಗು
ಎಣ್ಣೆಕಾಗದ ಬಿಚ್ಚಿದರೆ ಮುಖ ಕಾಣುವಷ್ಟು ಹೊಳಪು.
ಇನ್‌ಸ್ಟ್ರಕ್ಟರ್ ಬೋರಲಿಂಗಯ್ಯ ಅದನ್ನು ಬೆರಳಿಗೆ ಸಿಕ್ಕಿಸಿ
ಒಮ್ಮೆ ತಿರುಗಿಸಿದರು. ಸದ್ದಿಲ್ಲ.
"ಇಪ್ಪತ್ತೊಂಬತ್ತೊರ್ಸ ಕೆಟ್ಟಿದ್ದ ಸರಿಮಾಡ್ಕಂಡೇ ಬಂದೆ ಕನವ್ವ.
ಸರಿಯಾಗಿರದ್ನ ಕೆಡ್ಸದು ನಂಗ್ಯಾರೂ ಹೇಳ್ಕೊಟ್ಟಿಲ್ಲ."
ಅಂದು ಬೀಗದ ಕೈ ಸಿಗಲಿಲ್ಲ.
ಮಾರನೆಯ ದಿನ ಸೊಸೆಯ ತಂಗಿಯ ಸೀಮಂತ.

ಮೂರನೆಯ ದಿನ ನಾನೇ ಗ್ರೈಂಡರು ಹಿಡಿದೆ.
ಕೈ ನಡುಗಿತು, ಮೊನೆ ಜಾರಿತು,
ಎರಡು ಮಿಲಿಮೀಟರ್, ಅದೂ ಓರೆ.
ಸಾವಿರದ ಮುನ್ನೂರು ರೂಪಾಯಿ ತೊಟ್ಟಿಗೆ.
ಅವರಿಗೆ ತಡೆಯಲಾಗಲಿಲ್ಲ.
"ತತ್ತಾ ಇಲ್ಲಿ.
ಕೆಡ್ಸದ್ನಾದ್ರೂ ನೆಟ್ಟಗ್ ಕೆಡ್ಸು."

ಉಸಿರು ಹಿಡಿದು, ಕಣ್ಣು ಕಿರಿದು ಮಾಡಿ,
ಮಗುವಿನ ಕಿವಿ ಚುಚ್ಚುವವರಂತೆ ಬಾಗಿ
ಅರ್ಧ ಮಿಲಿಮೀಟರ್.
ಮೈಕ್ರೋಸ್ಕೋಪಿನಡಿ ಅಳೆದರೆ ಅರ್ಧವೇ.

ಪರದೆಯ ಮೇಲೆ ಮೊದಲ ಮುಳ್ಳು ಎದ್ದಾಗ
ಲ್ಯಾಬಿಗೆ ಲ್ಯಾಬೇ ಚಪ್ಪಾಳೆ ತಟ್ಟಿತು.
ಬೋರಲಿಂಗಯ್ಯ ಆಚೆ ಹೋಗಿ ನಲ್ಲಿ ನೀರಲ್ಲಿ
ಬಹಳ ಹೊತ್ತು ಕೈ ತೊಳೆದರು.
ಬಂದವರು ಕೇಳಿದ್ದು ಒಂದೇ,
"ಎಲ್ಲೀಗಂಟ ಓಡಿಸ್ತೀರಿ?"
ಸಾಯುವವರೆಗೆ, ಎಂದೆ.
ಪುಸ್ತಕದಲ್ಲಿ ಹಾಗೇ ಇದೆ.

ಕಂಪ್ಯೂಟರಿನೊಳಗೆ ಅದಕ್ಕೊಂದು ಅವಳಿ ಕಟ್ಟಿದೆ.
ಅದೇ ವೇಗ, ಅದೇ ಭಾರ, ಅದೇ ಗಾಯ.
ಅವಳಿ ದಿನ ಎಣಿಸಿ ಹೇಳಿತು: ಬರುವ ಗುರುವಾರ.

ಗುರುವಾರ ಬಂತು, ಹೋಯಿತು.
ಮೋಟಾರು ಓಡುತ್ತಲೇ ಇತ್ತು.

ಸಂಜೆ ಮಂಡ್ಯದ ರೈಲಿನಲ್ಲಿ ಲ್ಯಾಪ್‌ಟಾಪು ತೆರೆದೆ.
ಪಕ್ಕದಲ್ಲಿ ಗಾರ್ಮೆಂಟಿನ ಜಯಶೀಲ,
ದಿನವೂ ಕೇಳುವವಳು, ಇದು ಎಂಥ ಓದು ಅಂತ.
ಯಂತ್ರಕ್ಕೆ ಏನಾಗುತ್ತೆ ಅಂತ ಮುಂಚೆ ಹೇಳೋದು, ಅಂದಿದ್ದೆ.
"ಓ, ಕಣಿ ಹೇಳೋದಾ" ಅಂದು
ಅರ್ಧ ಸೌತೇಕಾಯಿ ಕೊಟ್ಟಿದ್ದಳು.
ಅವಳೇ ಬೆರಳಿಟ್ಟು ತೋರಿಸಿದಳು,
"ಇದ್ಯಾಕೆ ಇಲ್ಲಿ ತಗ್ಗು? ಇಲ್ಲೂ?"

ಪಾಂಡವಪುರ ದಾಟಿತ್ತು.
ಬೆಳಿಗ್ಗೆ ಏಳೂ ನಲವತ್ತು. ಪ್ರತಿದಿನ ಏಳೂ ನಲವತ್ತು.
ಗಾಯದ ದನಿ ಒಮ್ಮೆಲೇ ಇಳಿದು
ಹನ್ನೊಂದರ ಹೊತ್ತಿಗೆ ಮತ್ತೆ ಮೆಲ್ಲಗೆ ಏರುತ್ತಿತ್ತು.

ಮರುದಿನ ಬೇಗ ಹೋಗಿ ನೋಡಿದೆ.
ಬೇರಿಂಗಿನ ಕವಚದಂಚಿಗೆ ತಾಜಾ ಗ್ರೀಸು,
ಪಕ್ಕದಲ್ಲಿ ಹೆಬ್ಬೆರಳಿನ ಗುರುತು.
ಬೋರಲಿಂಗಯ್ಯ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು,
ಸ್ಕೇಲಿನಿಂದ ಕಣ್ಣೆತ್ತಲಿಲ್ಲ.
ನಾನೂ ಕೇಳಲಿಲ್ಲ.

ಪ್ರಯೋಗ ಹಾಳು. ಮೇಡಂಗೆ ಹೇಳಬೇಕು.
ಅವಳಿಗೆ ಗ್ರೀಸಿನ ವಿಷಯ ಗೊತ್ತಿಲ್ಲ,
ಅದು ಒಳಗೆ ಎಂದೋ ಸತ್ತು
ಕೆಂಪು ದೀಪ ಉರಿಸಿಕೊಂಡು ಕೂತಿದೆ.

ಕೋಷ್ಟಕದಲ್ಲಿ ಆ ಹದಿನಾಲ್ಕು ಸಾಲುಗಳ ಮುಂದೆ
'ಕಾರಣ' ಎಂಬ ಮನೆ ಖಾಲಿ ಇದೆ.
ಸಬ್ಮಿಷನ್ನಿಗೆ ಇನ್ನು ಒಂಬತ್ತು ದಿನ.
ಮೋಟಾರು ಓಡುತ್ತಿದೆ.