ಮೀಟರಿಲ್ಲದ ಮನೆ

ಗೇಟಿನಿಂದ ಮೀಟರಿನವರೆಗೆ,
ಮೀಟರಿನಿಂದ ಗೇಟಿನವರೆಗೆ:
ಹತ್ತೊಂಬತ್ತು ವರ್ಷ ಸುತ್ತಿದರೂ ನನಗೆ ಗೊತ್ತಿರುವ ಮೈಸೂರು
ಇಷ್ಟೇ ಅಗಲ.
ಮಂಡಿ ಮೊಹಲ್ಲಾದ ಜಗಲಿ, ಒಂಟಿಕೊಪ್ಪಲಿನ ಕಾಂಪೌಂಡು,
ಕೆ.ಜಿ. ಕೊಪ್ಪಲಿನ ಓಣಿಯಲ್ಲಿ
ಸರಪಳಿ ಇರುವಷ್ಟೇ ದೂರ ಶೌರ್ಯ ತೋರಿಸುವ ನಾಯಿ.
ಈ ತಿಂಗಳು ಸೊನ್ನೆ ಯೂನಿಟ್ಟು, ಮುಂದಿನ ತಿಂಗಳು ಮುನ್ನೂರು.
ಬಾಣಂತಿಗೆ ಬಿಸಿನೀರೋ, ಕಾಯಿಲೆಯವರಿಗೆ ರಾತ್ರಿಯೆಲ್ಲ ದೀಪವೋ,
ಕಂತಿನಲ್ಲಿ ತಂದ ಫ್ರಿಜ್ಜೋ,
ನಾನು ಕೇಳುವ ಹಾಗಿಲ್ಲ.
ಒಳಗೆ ಯಾರೋ ಯಾರನ್ನೋ ಬೈಯುತ್ತಿರುತ್ತಾರೆ,
ಅರ್ಧ ವಾಕ್ಯ ಕಿವಿಗೆ ಬೀಳುವಷ್ಟರಲ್ಲಿ ಮೆಷಿನ್ನು ಚೀಟಿ ಉಗುಳುತ್ತೆ.
"ಕಿಟಕಿಗೆ ಸಿಕ್ಕಿಸಿ ಹೋಗಪ್ಪಾ."
ಸಿಕ್ಕಿಸಿ ಹೋಗುತ್ತೇನೆ.
ಉಳಿದರ್ಧ ವಾಕ್ಯ ಅವರ ಮನೆಯದು.

ತಂಗಿ ಮಗಳು ಲಿಖಿತಾ ಪರೀಕ್ಷೆ ಮುಗಿಸಿ ಬಂದವಳು
ಹಳೇ ಲ್ಯಾಪ್‌ಟಾಪು ನನಗೇ ಬಿಟ್ಟುಹೋದಳು, ಅದರಲ್ಲೊಂದು ಆಟ.
"ಯಾರಿಗೆ ಹೊಡೀಬೇಕೇ?"
"ಯಾರಿಗೂ ಇಲ್ಲ ಮಾಮ."
"ಎಷ್ಟು ಪಾಯಿಂಟು?"
"ಪಾಯಿಂಟಿಲ್ಲ."
"ಮತ್ತೆ?"
"ಸುಮ್ನೆ ನಡಿ. ನೋಡು. ಏನಾಯ್ತು ಅಂತ ತಾನೇ ಗೊತ್ತಾಗುತ್ತೆ."
ನಡೆಯೋದಾ!
ಅದಕ್ಕೆ ನನಗೆ ಸಂಬಳ ಕೊಡ್ತಾರಲ್ಲೇ.

ಆದರೂ ರಾತ್ರಿ ಮುದ್ದೆ ಉಂಡು, ಕೈ ತೊಳೆದು,
ಕನ್ನಡಕ ಒರೆಸಿಕೊಂಡು ಕೂತೆ.
ಕಡಲ ನಡುವೆ ಒಂದು ದ್ವೀಪ, ಒಂಟಿ ಮನೆ,
ಗೇಟು ತೆರೆದೇ ಇದೆ.
ಅಭ್ಯಾಸಬಲ, ಹೊರಗೆ ನಿಂತು ಗಂಟಲು ಸರಿಮಾಡಿಕೊಂಡೆ.
ಯಾರೂ "ಯಾರದು?" ಅನ್ನಲಿಲ್ಲ.
ಚಪ್ಪಲಿ ಬಿಡುವ ಬಟನ್ನು ಯಾವುದೋ ತಿಳಿಯದೆ
ಹಾಗೇ ಒಳಗೆ ಹೋದೆ.

ಒಳಗೆ ಹೋದೆ.
ನಡುಮನೆ, ಅಡುಗೆಮನೆ, ಕಿರುಗುಟ್ಟುವ ಮಹಡಿ ಮೆಟ್ಟಿಲು.
ಎಳೆದರೆ ಡ್ರಾಯರು ಬರುತ್ತೆ!
ಒಂದರಲ್ಲಿ ಬರೀ ದಾರದುಂಡೆ,
ಒಂದರಲ್ಲಿ ಬೆಂಕಿಪೊಟ್ಟಣ, ಪೊಟ್ಟಣದಲ್ಲಿ ಮಗುವಿನ ಹಲ್ಲು,
ಇನ್ನೊಂದರಲ್ಲಿ ಬರೆದು ಹರಿದ ಕಾಗದದ ಮೇಲರ್ಧ.
ಇಂಗ್ಲಿಷು. ಆರ್.ಆರ್. ನಂಬರಿನ ಹಾಗೆ
ಒಂದೊಂದೇ ಅಕ್ಷರ ಕೂಡಿಸಿ ಓದಿದೆ:
"ನೀನು ಮಾತ್ರ ಒಂದು ಕೆಲಸ ಮಾಡು..."
ಅಲ್ಲಿಗೆ ಹರಿದಿದೆ.

ಮನೆ ತುಂಬ ಬಲ್ಬು, ಮನುಷ್ಯರು ಒಬ್ಬರೂ ಇಲ್ಲ.
ಗೋಡೆ ಸುತ್ತಿ, ಹಿತ್ತಲು ಸುತ್ತಿ, ಕಲ್ಲಿನ ಮೆಟ್ಟಿಲ ಕೆಳಗೂ ಹುಡುಕಿದೆ,
ಮೀಟರೇ ಇಲ್ಲ!
ಇಷ್ಟು ಚೆಂದ ಮನೆ ಕಟ್ಟಿದವರು
ಹುಲ್ಲಿಗೆ ಗಾಳಿ ಕೊಟ್ಟವರು, ಲೋಟಕ್ಕೆ ಚಹಾದ ಕಲೆ ಕೊಟ್ಟವರು
ಕರೆಂಟು ಎಲ್ಲಿಂದ ಬಂತು ಅಂತ ಯೋಚಿಸಿಲ್ಲ.
ಹೊಟ್ಟೆ ಉರಿದು ಒಂದೊಂದೇ ದೀಪ ಆರಿಸುತ್ತಾ ಬಂದೆ.
ಕತ್ತಲಲ್ಲಿ ಕಡಲು ದೊಡ್ಡದಾಯಿತು.

ಹನ್ನೆರಡೂವರೆ. ಬೀದಿಯಲ್ಲಿ ಗೂರ್ಖನ ಸೀಟಿ.
ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿತು ಕೆಳಗಿನರ್ಧ:
"...ಯಾವ ದೀಪವನ್ನೂ ಆರಿಸಬೇಡ.
ದೋಣಿಯಿಂದ ನೋಡುತ್ತಿರುತ್ತೇನೆ."

ಎಂಥ ಕೆಲಸ ಮಾಡಿದೆ!
ಪರದೆಯೊಳಗಿನ ಕಾಲು ಎಡವುವುದಿಲ್ಲ, ಎಡವಿದ್ದು ನಾನು.
ಮಹಡಿಗೆ ಓಡಿದೆ, ಒಂದೊಂದೇ ಸ್ವಿಚ್ಚು ಹುಡುಕಿ
ಆರಿಸಿದ್ದನ್ನೆಲ್ಲ ಹೊತ್ತಿಸಿದೆ.
ಸ್ನಾನದ ಮನೆಯದನ್ನೂ.
ದೋಣಿ ಬಂತೋ ಇಲ್ಲವೋ ಆಟ ಹೇಳಲಿಲ್ಲ.
ಕಿಟಕಿಯ ಹತ್ತಿರ ನಿಲ್ಲಿಸಿ, ಅಲೆಯ ಸದ್ದು ಮಾತ್ರ ಬಿಟ್ಟಿತು.
ನಿಂತೆ. ಎಷ್ಟು ಹೊತ್ತೋ.
ಹೇಳಿ, ಇದಕ್ಕೆ ಎಷ್ಟು ಪಾಯಿಂಟು ಕೊಡ್ತೀರಿ?

ಬೆಳಿಗ್ಗೆ ಒಂಟಿಕೊಪ್ಪಲು, ಮೂರನೇ ಅಡ್ಡರಸ್ತೆ.
ಹಗಲಲ್ಲೂ ಉರಿಯುವ ಆ ಪೋರ್ಟಿಕೋ ಬಲ್ಬು.
ಪ್ರತಿ ತಿಂಗಳೂ ಬೆಲ್ಲು ಮಾಡಿ ಹೇಳುತ್ತಿದ್ದೆ,
ದಂಡ ಕಣಮ್ಮಾ, ಆರಿಸಿ.
ಇವತ್ತು ಬೆಲ್ಲಿನವರೆಗೂ ಕೈ ಹೋಗಿತ್ತು.
ಚೀಟಿ ಬಂತು. ಹರಿಯದೆ ಹಿಡಿದೇ ನಿಂತೆ.
ಒಳಗೆ ಯಾರದೋ ದನಿ:
"ಆವತ್ತೇ ಬಡ್ಕೊಂಡೆ, ಆ ಬೀಗದ ಕೈನ..."
ಅಷ್ಟರಲ್ಲಿ ಪಕ್ಕದ ಮನೆ ನಾಯಿ ಬೊಗಳಿತು.